ಮೊಗಕ್ಕೆ ಮುಖವಾಡ ಅನ್ನಬೇಡ ಮಾರಾಯ

ನಮ್ಮ ಕಾಸರಗೋಡಿನ ದೈವಕೋಲದ ಬಗ್ಗೆ "ಮುಖವಾಡ ಕಟ್ಟಿ ಕುಣಿಯುವುದಷ್ಟೇ ಅಲ್ವಾ, ಅದೂ ಕೇರಳದ ತೆಯ್ಯಂ ತಾನೇ?" ಎಂದು ಕೇಳಿದೆಯಲ್ಲ, ಎರಡೂ ಸರಿಯಲ್ಲ ಮಾರಾಯ.

ಕಾಸರಗೋಡಿನ ಚಂದ್ರಗಿರಿ ಹೊಳೆಯಿಂದ ಈಚೆ ಉತ್ತರಕ್ಕೆ, ಕುಂಬಳೆ, ಮಂಜೇಶ್ವರದ ಕಡೆ ನಡೆಯುವುದು ಹೆಚ್ಚಾಗಿ ಕೋಲ, ನೇಮ, ಅಂದರೆ ತುಳುನಾಡಿನ ದೈವಗಳ ಆರಾಧನೆ. ಮಲಯಾಳಿ ತರವಾಡುಗಳಲ್ಲಿ, ಅಂದರೆ ಕುಟುಂಬದ ಮೂಲಮನೆಗಳಲ್ಲಿ, ಅವರ ದೈವಾರಾಧನೆಯಾದ ತೆಯ್ಯವೂ ಉಂಟು, ಅದರ ಬಗ್ಗೆ ನಮಗೆ ತಕರಾರಿಲ್ಲ.

ದೈವದ ಲೋಹದ ಮುಖಕ್ಕೆ ನಾವು ಹೇಳುವುದು ಮೊಗ. ಮೇಣದಲ್ಲಿ ಆಕಾರ ತೆಗೆದು, ಮಣ್ಣು ಮೆತ್ತಿ ಒಣಗಿಸಿ, ಕಾಯಿಸಿ ಮೇಣ ಕರಗಿಸಿ, ಆ ಪೊಳ್ಳಿಗೆ ಕಂಚೋ ಹಿತ್ತಾಳೆಯೋ ಹೊಯ್ಯುತ್ತಾರೆ. ಮಣ್ಣಿನಲ್ಲಿ ಪಸೆ ಉಳಿದರೆ ಎರಕದಲ್ಲಿ ತೂತು ಬೀಳುತ್ತದೆ. ಪಂಜುರ್ಲಿಗೆ ಹಂದಿಯ ಮೊಗ, ಪಿಲಿಚಾಮುಂಡಿಗೆ ಹುಲಿಯದ್ದು, ಮೈಸಂದಾಯನಿಗೆ ಕೋಣನದ್ದು. ಕಿವಿಗಳನ್ನು ಬೇರೆಯೇ ಎರೆದು ಜೋಡಿಸಿದ್ದೂ ಉಂಟು. ಮೊಗ ವರ್ಷವಿಡೀ ದೈವದ ಒಡವೆ ವಸ್ತು ಇಡುವ ಭಂಡಾರದಲ್ಲಿದ್ದು ನೇಮದ ದಿನ ಮಾತ್ರ ಹೊರಡುತ್ತದೆ. ದೈವ ಕಟ್ಟುವವರು ಅರದಾಳದ ಹಳದಿ ಬಣ್ಣ ಹಚ್ಚಿ ಮುಖ ಬರೆದುಕೊಂಡೇ ಇರುತ್ತಾರೆ, ಮೊಗ ಬರುವುದು ಆಮೇಲೆ. ತೂಕದ್ದಾದ್ದರಿಂದ ಎಷ್ಟೋ ಸಲ ಮುಖದ ಮುಂದೆ ಹಿಡಿಯುತ್ತಾರೆ, ಇಲ್ಲವೇ ತಲೆಯ ಮೇಲಕ್ಕೆ ಇಡುತ್ತಾರೆ. ಮುಖ ಮುಚ್ಚಲೆಂದೇ ಮಾಡಿದ್ದಾದರೆ ಹೀಗೆ ಮಾಡುತ್ತಿದ್ದರೇ?

ನಮ್ಮ ದಿನನಿತ್ಯದ ಜಗಳ ಹೆಸರಿನದ್ದು. ತುಳುವಿನಲ್ಲಿ ಮನುಷ್ಯನ ಮುಖ ಮೋಣೆ, ಮೊಗ ದೈವದ್ದು. ಕನ್ನಡ ವ್ಯಾಕರಣದವರು ಮೊಗವನ್ನು ಸಂಸ್ಕೃತದ ಮುಖದ ತದ್ಭವ ಅನ್ನುತ್ತಾರೆ, ಹಳಗನ್ನಡದಲ್ಲಿ ಅದು ಮುಖವೇ. ಆದರೆ ಕಾಗದಪತ್ರ ಮಲಯಾಳ ಭಾಷೆಗೆ ಹೋದ ಕೂಡಲೇ ಮೊಗ ಪೊಯ್‌ಮುಖಂ ಆಗುತ್ತದೆ. ಪೊಯ್ ಎಂದರೆ ಸುಳ್ಳು, ನಮ್ಮ ಹುಸಿಯ ಬಳಗದ ಪದ. ತೆಯ್ಯದ ಗುಳಿಗನ ಮರದ ಮುಖಕ್ಕೆ ಅಲ್ಲಿ ಅದೇ ಹೆಸರು, ಅವರಲ್ಲಿ ಅದು ಗೌರವದ ಮಾತೇ. ನಮ್ಮ ಮೊಗಕ್ಕೆ ಅಂಟಿಸಿದರೆ ಊರವರು ಕೈಮುಗಿಯುವ ವಸ್ತು ಹುಸಿಮುಖ ಆಗುತ್ತದೆ. ಕನ್ನಡಕ್ಕೆ ಮರಳಿ ಬಂದಾಗ "ಮುಖವಾಡ". ಕಳ್ಳನ ಮುಖವಾಡ ಕಳಚಿತು ಎಂದು ಪತ್ರಿಕೆಗಳು ಬರೆಯುವ ಅದೇ ಪದ!

ಇದು ಬರೀ ಪದದ ಮಾತಲ್ಲ ಮಾರಾಯ. ಮನೆಯಲ್ಲಿ ತುಳು, ಶಾಲೆಯಲ್ಲಿ ಕನ್ನಡ, ಕಚೇರಿಯಲ್ಲಿ ಮಲಯಾಳ, ಹೀಗೆ ಬದುಕುವವರಿಗೆ ಹೆಸರು ಹೋದರೆ ಗುರುತೂ ಹೋಗುತ್ತದೆ. 1956ರಲ್ಲಿ ಕಾಸರಗೋಡು ಕೇರಳಕ್ಕೆ ಸೇರಿತು. ಚಂದ್ರಗಿರಿಯ ಉತ್ತರ ಭಾಗ ಕರ್ನಾಟಕಕ್ಕೆ ಸೇರಲಿ ಎಂದು ಗಡಿ ವಿವಾದ ನೋಡಿದ ಮಹಾಜನ್ ಆಯೋಗ 1967ರಲ್ಲಿ ಹೇಳಿದ್ದು ಕಾಗದದಲ್ಲೇ ಉಳಿಯಿತು. ನಮ್ಮನ್ನು ಮಲಯಾಳಿಗಳೆಂದು ಬೆಂಗಳೂರಿನವರೇ ತಿಳಿದರೆ ನಾವು ಯಾರ ಹತ್ತಿರ ಹೇಳುವುದು? ಇನ್ನು ಮುಂದೆ ಫೋಟೋದಡಿ ಬರೆಯುವಾಗ ದೈವದ ಹೆಸರು, ಊರಿನ ಹೆಸರು, ಜೊತೆಗೆ ಮೊಗ ಎಂದಷ್ಟೇ ಬರೆ. ಮಲಯಾಳ ಲಿಪಿಯಲ್ಲೂ ಅದನ್ನು ಹಾಗೆಯೇ ಬರೆಯಬಹುದು.