‘ಮನಮೋಹಕ’ ಕೋಟೆ ಮತ್ತು ಇತರ ತೊಂದರೆಗಳು

ಪ್ರಿಯರೇ, ನಮಸ್ಕಾರ.

ನಿಮ್ಮ ‘ಘಾನಾ: ಪ್ರವಾಸಿಗರ ಸ್ವರ್ಗ’ ಲೇಖನ ತಲುಪಿದೆ. ಅಕ್ರಾದಲ್ಲಿ ಕೆಲಸಕ್ಕಿದ್ದಾಗ ರಜೆಗಳಲ್ಲಿ ಸುತ್ತಿದ ಹನ್ನೊಂದು ಜಾಗಗಳನ್ನು ಒಂದೇ ಲೇಖನಕ್ಕೆ ತುಂಬಿದ್ದೀರಿ. ಈ ರೂಪದಲ್ಲಿ ಪ್ರಕಟಿಸಲಾಗದು. ಹಾಗೆಂದು ವಿಷಾದದ ಎರಡು ಸಾಲು ಬರೆದು ಕೈತೊಳೆದುಕೊಳ್ಳಲೂ ಮನಸ್ಸಾಗಲಿಲ್ಲ. ಪಶ್ಚಿಮ ಆಫ್ರಿಕಾವನ್ನು ಕಣ್ಣಾರೆ ಕಂಡು ಕನ್ನಡದಲ್ಲಿ ಬರೆಯುವವರು ಕಡಿಮೆ. ನೀವು ಕಂಡಿದ್ದೀರಿ, ಕಂಡದ್ದನ್ನು ಬರೆದಿಲ್ಲ ಎಂಬುದೇ ನನ್ನ ದೂರು.

ಎಲ್ಮಿನಾ ಕೋಟೆ ‘ಮನಮೋಹಕ’ವಂತೆ. ಮುಂದಿನ ಪ್ಯಾರಾದ ಕಡಲತೀರವೂ ‘ಮನಮೋಹಕ’. ಕಾಕುಮ್ ಕಾಡು ‘ಕೈಬೀಸಿ ಕರೆಯುತ್ತದೆ’, ಕೇಪ್ ಕೋಸ್ಟ್ ಕೋಟೆಯ ನೆಲಮಾಳಿಗೆಯೂ ‘ಕೈಬೀಸಿ ಕರೆಯುತ್ತದೆ’. ಸ್ವಾಮಿ, ಆ ನೆಲಮಾಳಿಗೆ ಯಾರನ್ನೂ ಕೈಬೀಸಿ ಕರೆದದ್ದಲ್ಲ. ಒಳನಾಡಿನಿಂದ ಸರಪಳಿ ಹಾಕಿ ನಡೆಸಿಕೊಂಡು ತಂದ ಗುಲಾಮರನ್ನು ಹಡಗು ಬರುವವರೆಗೆ ಅಲ್ಲಿ ಕೂಡಿಹಾಕುತ್ತಿದ್ದರು. ಮಲಮೂತ್ರ ಹರಿದುಹೋಗಲೆಂದು ನೆಲದಲ್ಲಿ ಮಾಡಿದ ಕಾಲುವೆ ಈಗಲೂ ಇದೆ. ಗಂಡಸರನ್ನು ತುಂಬುತ್ತಿದ್ದ ಕೋಣೆಯ ನೆತ್ತಿಯ ಮೇಲೆಯೇ ಇಂಗ್ಲಿಷರ ಪ್ರಾರ್ಥನಾಮಂದಿರ. ಇಷ್ಟನ್ನು ಬರೆದರೆ ಸಾಕು, ವಿಶೇಷಣದ ಹಂಗೇ ಇರುವುದಿಲ್ಲ. ಒಳಗೆ ಬೆಳಕು ಎಲ್ಲಿಂದ ಬರುತ್ತಿತ್ತು, ವಾಸನೆ ಇತ್ತೇ, ಜೊತೆಗಿದ್ದವರು ಮಾತಾಡಿದರೇ ಎಂದು ನೀವು ಹೇಳಬೇಕು. ಅದನ್ನು ಇಲ್ಲಿ ಕುಳಿತು ನಾನು ಬರೆಯಲಾರೆ.

ಎಲ್ಮಿನಾದಲ್ಲಿ ‘ಪರಸ್ಪರ ಎದುರುಬದುರಾಗಿ ಎರಡು ಸುಂದರ ಕೋಟೆಗಳಿವೆ’ ಎಂದು ಬರೆದು ಮುಂದೆ ಹೋಗಿದ್ದೀರಿ. ಎರಡು ಯಾಕಿವೆ ಎಂದು ಕೇಳಿಕೊಳ್ಳಲಿಲ್ಲವೇ? ಕಡಲಂಚಿನ ದೊಡ್ಡ ಕೋಟೆಯನ್ನು 1482ರಲ್ಲಿ ಪೋರ್ಚುಗೀಸರು ಕಟ್ಟಿದರು, ಚಿನ್ನದ ಆಸೆಗೆ. ಡಚ್ಚರು 1625ರಲ್ಲಿ ಅದರ ಮೇಲೆ ದಾಳಿ ಮಾಡಿ ಸೋತು ಹೋದರು. 1637ರಲ್ಲಿ ಮತ್ತೆ ಬಂದಾಗ ಬೆನ್ಯಾ ಹಿನ್ನೀರಿನ ಆಚೆಯ ಗುಡ್ಡದ ಮೇಲಕ್ಕೆ ಫಿರಂಗಿಗಳನ್ನು ಎಳೆದೊಯ್ದು ಅಲ್ಲಿಂದ ಗುಂಡು ಸುರಿಸಿದರು, ಕೋಟೆ ಕೈಸೇರಿತು. ತಾವು ಬಳಸಿದ ಉಪಾಯವನ್ನೇ ನಾಳೆ ಇನ್ನೊಬ್ಬರು ತಮ್ಮ ಮೇಲೆ ಬಳಸದಿರಲೆಂದು ಆ ಗುಡ್ಡದ ಮೇಲೂ ಕೋಟೆ ಕಟ್ಟಿಕೊಂಡರು. ಪೋರ್ಚುಗೀಸರು ಅಂಗಳದಲ್ಲಿ ಕಟ್ಟಿದ್ದ ಇಗರ್ಜಿಯನ್ನು ವ್ಯಾಪಾರಕ್ಕೆ ಬಳಸಿದರು. 1872ರಲ್ಲಿ ಎಲ್ಲವೂ ಬ್ರಿಟಿಷರಿಗೆ ಹೋಯಿತು. ಗುಲಾಮರ ವ್ಯಾಪಾರ ಅಷ್ಟರಲ್ಲಿ ನಿಂತಿತ್ತು, ಆದರೂ ಆ ಕಟ್ಟಡ ಸೆರೆಮನೆಯ ಕೆಲಸ ಬಿಡಲಿಲ್ಲ. ಮನುಷ್ಯರನ್ನು ಕೂಡಿಡುವುದರಲ್ಲಿ ಬ್ರಿಟಿಷರೂ ಹಿಂದೆ ಬೀಳಲಿಲ್ಲ. ‘ಇಲ್ಲಿ ಒಬ್ಬ ರಾಜನನ್ನು ಬಂಧಿಸಿದ್ದರು’ ಎಂದು ನೀವು ಬರೆದಿರುವ ಆ ರಾಜ ಒಳನಾಡಿನ ‘ಅಶಾಂತಿ’ ಎಂಬ ರಾಜ್ಯದ ದೊರೆ ಒಂದನೆಯ ಪ್ರೆಂಪೆ. 1896ರಲ್ಲಿ ಹಿಡಿದು ಮೊದಲು ಇಲ್ಲಿಟ್ಟು, ಆಮೇಲೆ ಸಿಯೆರಾ ಲಿಯೋನಿಗೆ, ಅಲ್ಲಿಂದ ಸೇಶೆಲ್ಸ್ ದ್ವೀಪಕ್ಕೆ ಸಾಗಿಸಿದರು. ಆತ ತನ್ನ ನೆಲಕ್ಕೆ ಮರಳಿದ್ದು 1924ರಲ್ಲಿ. ದಯವಿಟ್ಟು ಹೆಸರು ಹಾಕಿ. ‘ಒಬ್ಬ ರಾಜ’ ಅಜ್ಜಿಕಥೆಗಷ್ಟೇ ಸಾಕು.

‘ನಮ್ಮ ಮಿರ್ಜಾನ್ ಕೋಟೆಯನ್ನು ನೆನಪಿಸುತ್ತದೆ’ ಎಂಬ ಸಾಲನ್ನು ಹೊಡೆದುಹಾಕಿದ್ದೇನೆ. ಯಾವ ಹಳೆಯ ಗೋಡೆ ಇನ್ನೊಂದು ಹಳೆಯ ಗೋಡೆಯನ್ನು ನೆನಪಿಸುವುದಿಲ್ಲ? ನಮ್ಮ ಕರಾವಳಿಗೆ ನಂಟು ಬೇಕೇ ಬೇಕಿದ್ದರೆ ನಿಜವಾದದ್ದೇ ಇದೆ. ಎಲ್ಮಿನಾ ಕಟ್ಟಿದ ಪೋರ್ಚುಗೀಸರೇ 1505ರಲ್ಲಿ ಕಾರವಾರದ ಹತ್ತಿರದ ಅಂಜುದೀವದಲ್ಲೂ ಕೋಟೆ ಹಾಕಿದರು. ಗುಜರಾತಿನ, ಕೋರಮಂಡಲದ ಹತ್ತಿಬಟ್ಟೆ ಯುರೋಪಿನವರ ಹಡಗುಗಳಲ್ಲಿ ಪಶ್ಚಿಮ ಆಫ್ರಿಕಾಕ್ಕೆ ಹೋಗಿ, ಅಲ್ಲಿ ಮನುಷ್ಯರನ್ನು ಕೊಳ್ಳಲು ಬಳಕೆಯಾಗುತ್ತಿತ್ತು. ಓದುಗರಿಗೆ ಇರಿಸುಮುರಿಸಾಗಬಹುದು. ಆಗಲಿ.

ಈಗ ನಿಮ್ಮ ಗೊಣಗಾಟಕ್ಕೆ ಬರುತ್ತೇನೆ. ‘ದುರದೃಷ್ಟವಶಾತ್ ನಾವು ಹೋದ ಮಂಗಳವಾರ ದೋಣಿಗಳೆಲ್ಲ ದಡದಲ್ಲೇ ಇದ್ದವು, ಗಂಡಸರು ಬಲೆ ಹೊಲಿಯುತ್ತ ಕುಳಿತಿದ್ದರು, ಮೀನು ಮಾರುಕಟ್ಟೆ ಸಪ್ಪೆಯಾಗಿತ್ತು.’ ಇಡೀ ಲೇಖನದಲ್ಲಿ ನಿಮ್ಮ ಕಣ್ಣು ನಿಜವಾಗಿ ತೆರೆದದ್ದು ಇಲ್ಲಿ, ಅದನ್ನೇ ದುರದೃಷ್ಟ ಎನ್ನುತ್ತಿದ್ದೀರಿ! ಆ ಕರಾವಳಿಯ ಫಾಂಟೆ ಮೀನುಗಾರರು ಮಂಗಳವಾರ ಕಡಲಿಗೆ ಇಳಿಯುವುದಿಲ್ಲ. ಅದು ಸಮುದ್ರಕ್ಕೆ ಬಿಟ್ಟುಕೊಟ್ಟ ದಿನ. ಬೆನ್ಯಾ ಹಿನ್ನೀರಿನಲ್ಲಂತೂ ವರ್ಷದಲ್ಲಿ ಕೆಲವು ವಾರ ಮೀನು ಹಿಡಿಯುವುದನ್ನೇ ನಿಲ್ಲಿಸಿ, ಜುಲೈ ತಿಂಗಳ ಮೊದಲ ಮಂಗಳವಾರ ಬಕಾತುಯೆ ಹಬ್ಬದಲ್ಲಿ ವಿಧಿಪೂರ್ವಕವಾಗಿ ಬಲೆ ಬೀಸಿ ಮತ್ತೆ ಆರಂಭಿಸುತ್ತಾರೆ. ನಮ್ಮಲ್ಲಿ ಮಳೆಗಾಲದ ಮೀನುಗಾರಿಕೆ ನಿಷೇಧ ಕಂಡವರಿಗೆ ಇದನ್ನು ವಿವರಿಸುವುದೂ ಬೇಕಿಲ್ಲ. ಲೇಖನವನ್ನು ಆ ಮಂಗಳವಾರದಿಂದಲೇ ಶುರುಮಾಡಿ. ಬಲೆ ಹೊಲಿಯುವವರ ಬೆನ್ನ ಹಿಂದೆ ಕೋಟೆ ತಾನಾಗಿ ಕಾಣಿಸಿಕೊಳ್ಳುತ್ತದೆ.

ಇನ್ನು ಈ ಸಾಲು: ‘ದಾರಿಯಲ್ಲಿ ಆಸಿನ್ ಮಾನ್ಸೊ ಎಂಬ ಊರಿನ ಹೊಳೆಯನ್ನೂ ನೋಡಿದೆವು, ನೀರು ಕಡಿಮೆಯಿತ್ತು.’ ಓದಿ ತಲೆ ಚಚ್ಚಿಕೊಂಡೆ. ಉತ್ತರದಿಂದ ನಡೆಸಿಕೊಂಡು ತಂದ ಗುಲಾಮರನ್ನು ಕಡಲಿಗೆ ಸಾಗಿಸುವ ಮುನ್ನ ಕೊನೆಯ ಬಾರಿ ಸ್ನಾನ ಮಾಡಿಸಿದ ಹೊಳೆ ಅದು. 1998ರಲ್ಲಿ ಅಮೆರಿಕದಿಂದ ಸ್ಯಾಮ್ಯುಯೆಲ್ ಕಾರ್ಸನ್, ಜಮೈಕಾದಿಂದ ಕ್ರಿಸ್ಟಲ್ ಎಂಬ, ಗುಲಾಮರಾಗಿದ್ದ ಇಬ್ಬರ ಅಸ್ಥಿಗಳನ್ನು ತಂದು ಅಲ್ಲಿ ಮಣ್ಣುಮಾಡಿದರು. ಕೇಪ್ ಕೋಸ್ಟ್ ಕೋಟೆಯಲ್ಲಿ ಗುಲಾಮರನ್ನು ಹಡಗಿಗೆ ಹೊರಡಿಸುತ್ತಿದ್ದ, ‘ಮರಳಿ ಬಾರದ ಬಾಗಿಲು’ ಎನ್ನುವ ಬಾಗಿಲಿನ ಮೂಲಕವೇ, ಆದರೆ ಕಡಲ ಕಡೆಯಿಂದ ಒಳಕ್ಕೆ, ಆ ಅಸ್ಥಿಗಳನ್ನು ತಂದರು. ಆ ಬಾಗಿಲಿನ ಎದುರು ನೀವು ಫೋಟೊ ತೆಗೆಸಿಕೊಂಡಿದ್ದೀರಿ. ಹಿಂಬದಿಯಲ್ಲಿ ಏನು ಬರೆದಿದೆ ಎಂದು ನೋಡಿದಿರಾ? ‘ಮರಳಿ ಬರುವ ಬಾಗಿಲು’ ಎಂದಿದೆ.

ಕಾಕುಮ್‌ಗೆ ಒಂದು ಪ್ಯಾರಾ ಸಾಕು. ಏಳು ತೂಗುಸೇತುವೆ, ಸುಮಾರು 350 ಮೀಟರ್ ಉದ್ದ, 1995ರಿಂದ ಜನ ನಡೆಯುತ್ತಿದ್ದಾರೆ. ಇದು ಎಲ್ಲ ಕೈಪಿಡಿಗಳಲ್ಲೂ ಸಿಗುತ್ತದೆ. ಹಲಗೆ ಅಲುಗಿದಾಗ ನಿಮ್ಮ ಹೆಂಡತಿ ನಡುವೆಯೇ ನಿಂತುಬಿಟ್ಟದ್ದು ಸಿಗುವುದಿಲ್ಲ, ಅದನ್ನು ಉಳಿಸಿ. ‘ಆನೆಗಳು ಸ್ವಚ್ಛಂದವಾಗಿ ವಿಹರಿಸುತ್ತವೆ’ ಎಂಬುದನ್ನು ತೆಗೆಯಿರಿ. ಆನೆಗಳಿರುವುದು ನಿಜ, ನೀವು ಕಂಡದ್ದು ಮಾತ್ರ ಶಾಲಾ ಮಕ್ಕಳ ಗುಂಪು. ಮೋಲೆ ರಾಷ್ಟ್ರೀಯ ಉದ್ಯಾನವನ್ನು ಪೂರ್ತಿ ಕೈಬಿಡಿ. ‘ಅಲ್ಲಿಂದ ಮೋಲೆಗೆ ತೆರಳಿದೆವು’ ಎಂದು ಒಂದೇ ವಾಕ್ಯದಲ್ಲಿ ಕರಾವಳಿಯಿಂದ ಉತ್ತರ ಘಾನಾಕ್ಕೆ ಹಾರಿದ್ದೀರಿ; ನಿಮ್ಮ ಮಾತು ನಂಬಿ ಯಾರಾದರೂ ಹೊರಟರೆ ದಾರಿಯಲ್ಲೇ ಶಪಿಸುತ್ತಾರೆ. ಆ ಪ್ರವಾಸ ಬೇರೆಯೇ ಲೇಖನ.

ಮಾರ್ಗದರ್ಶಕ ಹೇಳಿದ ಅಂಕಿಗಳನ್ನೆಲ್ಲ ಇತಿಹಾಸವೆಂದು ದಾಖಲಿಸಬೇಡಿ. ‘ಮಾರ್ಗದರ್ಶಕ ಹೇಳಿದ’ ಎಂದೇ ಬರೆಯಿರಿ, ಯಾವ ದನಿಯಲ್ಲಿ ಹೇಳಿದ ಎಂಬುದನ್ನೂ ಸೇರಿಸಿ.

ಎಲ್ಮಿನಾ, ಕೇಪ್ ಕೋಸ್ಟ್, ಆಸಿನ್ ಮಾನ್ಸೊ, ಸ್ವಲ್ಪ ಕಾಕುಮ್. ಇಷ್ಟಕ್ಕೇ ನಿಲ್ಲಿಸಿ 1,200 ಪದಗಳಲ್ಲಿ ತಿರುಗಿ ಬರೆದರೆ ಖಂಡಿತ ಓದುತ್ತೇನೆ. ನೆಲಮಾಳಿಗೆಯಲ್ಲಿ ಬೇಡಿಗಳನ್ನು ಕೈಯಲ್ಲಿ ಹಿಡಿದು ನಗುತ್ತಿರುವ ಫೋಟೊವನ್ನು ನಾವು ಹಾಕುವುದಿಲ್ಲ, ನೀವೂ ಬೇರೆಲ್ಲೂ ಹಾಕದಿದ್ದರೆ ಒಳ್ಳೆಯದು. ದಡದಲ್ಲಿ ನಿಂತ ದೋಣಿಗಳ ಫೋಟೊವನ್ನು ಮೂಲ ಗಾತ್ರದಲ್ಲಿ ಕಳಿಸಿ. ದೋಣಿಗಳ ಮೈಮೇಲಿನ ಬರಹ ಓದಲು ಬರುವಂತಿರಬೇಕು.

ಇತಿ,
ಪ್ರವಾಸ ಪುರವಣಿಯ ಸಂಪಾದಕ