ನೂರಿಪ್ಪತ್ತು ಸಾಕಾ, ನೂರರವತ್ತು ಬೇಕಾ?

ಈ ಸಲ ಬಂದ ಪತ್ರಗಳಲ್ಲಿ ಸೈಕಲ್‌ನದ್ದೇ ಜಾಸ್ತಿ. ಮಳೆ ನಿಂತಿತಲ್ಲ, ಗುಡ್ಡೆ ಹತ್ತುವ ಆಸೆ ಎಲ್ಲರಿಗೂ ಒಟ್ಟಿಗೇ ಬಂದಿರಬೇಕು. ನಾಲ್ಕು ಪತ್ರ ಆರಿಸಿದ್ದೇನೆ. ಮೊದಲನೆಯದಕ್ಕೆ ಉತ್ತರ ಸ್ವಲ್ಪ ಉದ್ದ, ಉಳಿದವರು ಬೇಜಾರು ಮಾಡಬೇಡಿ.

ಪ್ರಶ್ನೆ: ಈಗ ಹಾರ್ಡ್‌ಟೇಲ್ ಸೈಕಲ್ ಉಂಟು, ಅಂದರೆ ಮುಂದೆ ಮಾತ್ರ ಸಸ್ಪೆನ್ಷನ್. ಪರ್ಕಳ, ಹಿರಿಯಡ್ಕ ಕಡೆಯ ಗೇರು ಗುಡ್ಡೆ, ಮುರಕಲ್ಲಿನ ಪಾದೆ, ರಬ್ಬರ್ ತೋಟದ ದಾರಿ, ಇಷ್ಟೇ ನನ್ನ ತಿರುಗಾಟ. ಇಳಿಯುವಾಗ ಸೊಂಟ ಹಿಡಿಯುತ್ತದೆ. ಹಾಗಾಗಿ ಹಿಂದೆ ಮುಂದೆ ಎರಡೂ ಕಡೆ ಇರುವ ಫುಲ್ ಸಸ್ಪೆನ್ಷನ್ ತೆಗೆದುಕೊಳ್ಳುವ ಅಂತ. ನನ್ನ ತೂಕ 84 ಕಿಲೋ, ಕೈಯಲ್ಲಿ ಒಂದೂವರೆ ಲಕ್ಷ ಇದೆ. ಒಬ್ಬರು 120 ಮಿ.ಮೀ. ಸಾಕು ಅಂತಾರೆ. ಇನ್ನೊಬ್ಬರು ತೆಗೆದುಕೊಳ್ಳುವುದಾದರೆ 160ರದ್ದೇ ತಗೋ ಅಂತಾರೆ. ಯಾರ ಮಾತು ಕೇಳಲಿ?
- ಹೆಸರು ಬೇಡ, ಪರ್ಕಳ

ಉತ್ತರ: 120 ಅಂದವರ ಮಾತು ಕೇಳಿ. 130 ಆದರೂ ಅಡ್ಡಿಯಿಲ್ಲ.

ಈ ಮಿ.ಮೀ. ಲೆಕ್ಕ ಅಂದರೆ ಚಕ್ರ ಎಷ್ಟು ಮೇಲೆ ಕೆಳಗೆ ಆಡುತ್ತದೆ ಅನ್ನುವುದು, ಅಷ್ಟೇ. ಕ್ರಾಸ್ ಕಂಟ್ರಿ ರೇಸಿನವರು 100ರಿಂದ 120ರಲ್ಲಿ ಓಡಿಸುತ್ತಾರೆ, ಟ್ರೇಲ್ ಬೈಕ್ ಅನ್ನುವುದು 120ರಿಂದ 150, ಎಂಡ್ಯೂರೋ 150ರ ಮೇಲೆ, ಡೌನ್‌ಹಿಲ್ 200ರ ಹತ್ತಿರ. 160ರ ಸೈಕಲ್ ಮಾಡಿರುವುದು ಉದ್ದದ, ಕಡಿದಾದ ಇಳಿಜಾರಿನಲ್ಲಿ ಜೋರಾಗಿ ಇಳಿಯುವವರಿಗೆ. ನಿಮ್ಮ ಗುಡ್ಡೆ ಎಷ್ಟು ಹೊತ್ತು ಇಳಿಯುತ್ತದೆ ಹೇಳಿ? ಐದು ನಿಮಿಷ ಇಳಿದರೆ ಅರ್ಧ ಗಂಟೆ ನೀವೇ ತುಳಿದು ಹತ್ತಬೇಕು, ಅದೂ ನಮ್ಮ ಸೆಕೆಯಲ್ಲಿ. ಆಗ ಆ ಭಾರವೂ ನಿಮ್ಮದೇ. ಇನ್ನೊಂದು ವಿಷಯ, ಚಿಕ್ಕ ದಾರಿಯಲ್ಲಿ ದೊಡ್ಡ ಸಸ್ಪೆನ್ಷನ್ ಇದ್ದರೆ ನೆಲ ಗೊತ್ತೇ ಆಗುವುದಿಲ್ಲ, ಮಜವೂ ಇಲ್ಲ.

ದುಡ್ಡು ಹಾಕುವ ಮೊದಲು ಈಗಿರುವ ಸೈಕಲ್‌ನ ಟಯರಿನ ಗಾಳಿ ನೋಡಿ. ತುಂಬಾ ಜನ ರಸ್ತೆಗೆ ತುಂಬಿಸಿದ ಗಾಳಿಯಲ್ಲೇ ಗುಡ್ಡೆ ಹತ್ತುತ್ತಾರೆ, ಸೊಂಟ ಹಿಡಿಯದೆ ಇನ್ನೇನಾಗಬೇಕು. ಟ್ಯೂಬ್‌ಲೆಸ್ ಮಾಡಿಸಿದ 2.3 ಇಂಚಿನ ಟಯರಿಗೆ ನಿಮ್ಮ ತೂಕಕ್ಕೆ 25ರಿಂದ 28 ಪಿಎಸ್‌ಐ ಸಾಕು. ಇಳಿಯುವಾಗ ಸೀಟಿನ ಮೇಲೆ ಕುಳಿತುಕೊಳ್ಳಬೇಡಿ. ಇಷ್ಟು ಮಾಡಿಯೂ ನೋವು ಹೋಗದಿದ್ದರೆ ಹೊಸದು ನೋಡುವ.

ಅಂಗಡಿಯಲ್ಲಿ ಮೊದಲು ನೋಡಬೇಕಾದದ್ದು ಫ್ರೇಮ್. ಬ್ರೇಕ್, ಟಯರ್, ಇಳಿಯುವಾಗ ಸೀಟು ತಗ್ಗಿಸುವ ಡ್ರಾಪರ್ ಸೀಟ್‌ಪೋಸ್ಟ್ ಎಲ್ಲ ಆಮೇಲೆ ಒಂದೊಂದಾಗಿ ಬದಲಾಯಿಸಬಹುದು, ಫ್ರೇಮ್ ಆಗುವುದಿಲ್ಲ. ಹಿಂದೆ ಮುಂದೆ ಎರಡೂ ಕಡೆ ಥ್ರೂ ಆಕ್ಸಲ್ (ಚಕ್ರದ ನಡುವೆ ತೂರಿ ಫ್ರೇಮಿಗೆ ತಿರುಪುವ ದಪ್ಪ ಅಚ್ಚು) ಇರಲಿ, ಹಿಂದಿನ ಹಬ್, ಅಂದರೆ ಚಕ್ರದ ನಡುವಿನ ಗುಂಬ, 148 ಮಿ.ಮೀ. ಅಗಲದ ಬೂಸ್ಟ್ ಅಳತೆಯದ್ದಾಗಿರಲಿ, ಇವಕ್ಕೆ ಮುಂದೆಯೂ ಬಿಡಿಭಾಗ ಸಿಗುತ್ತದೆ. ಹಿಂದಿನ ಗೇರ್ ಬದಲಿಸುವ ಭಾಗವನ್ನು ಫ್ರೇಮಿಗೆ ಸಿಕ್ಕಿಸುವ ತುಂಡಿಗೆ ಹ್ಯಾಂಗರ್ ಅನ್ನುತ್ತಾರೆ. ಬೇರೆ ಬೇರೆ ಕಂಪನಿಯ ಫ್ರೇಮಿಗೂ ಹೊಂದಲಿ ಅಂತ ಸ್ರಾಮ್ ಕಂಪನಿ 2019ರಲ್ಲಿ ತಂದ ಯುಡಿಎಚ್ ಹ್ಯಾಂಗರ್ ಇದ್ದರೆ ಇನ್ನೂ ಒಳ್ಳೆಯದು. ಮುರಕಲ್ಲಿಗೆ ತಾಗಿ ಹ್ಯಾಂಗರ್ ಮುರಿಯುವುದು ಇಲ್ಲಿ ಹೊಸದೇನಲ್ಲ. ಆಗ ನಿಮ್ಮ ಮಾಡೆಲಿಗೆ ಮಾತ್ರ ಹೊಂದುವ ತುಂಡು ಹುಡುಕಿಕೊಂಡು ಕೂರಬೇಕಾಗಿಲ್ಲ. ಜೈಂಟ್‌ನವರ ಸ್ಟಾನ್ಸ್, ಪಾಲಿಗನ್‌ನ ಸಿಸ್ಕಿಯು, ಈ ಜಾತಿಯ ಆರಂಭದ ಮಾಡೆಲ್‌ಗಳನ್ನು ನೋಡಿ. ಒಂದೂವರೆ ಲಕ್ಷವನ್ನೂ ಸೈಕಲಿಗೇ ಸುರಿಯಬೇಡಿ. ಹೆಲ್ಮೆಟ್, ಮಂಡಿ ಪ್ಯಾಡ್, ಶಾಕ್ ಪಂಪ್, ಮೊದಲ ವರ್ಷದ ಸರ್ವಿಸ್, ಇದಕ್ಕೆಲ್ಲ ಒಂದಿಪ್ಪತ್ತು ಸಾವಿರ ಬದಿಗಿಡಿ.

ಹಿಂದಿನ ಶಾಕ್ ಗಾಳಿಯದ್ದಾಗಿರಲಿ, ಯಾಕೆಂದರೆ ಅದನ್ನು ನಿಮ್ಮ ತೂಕಕ್ಕೆ ಹೊಂದಿಸಬಹುದು. ರೈಡಿಗೆ ಹೋಗುವ ಬ್ಯಾಗ್ ಹಾಕಿಕೊಂಡೇ ಸೈಕಲ್ ಮೇಲೆ ನಿಲ್ಲಿ. ಶಾಕ್ ಎಷ್ಟು ಒಳಗೆ ಹೋಯಿತು ಅಂತ ರಬ್ಬರ್ ರಿಂಗ್ ತೋರಿಸುತ್ತದೆ, ಇದಕ್ಕೇ ಸ್ಯಾಗ್ ಅನ್ನುವುದು. ಶಾಕ್‌ನ ಸ್ಟ್ರೋಕ್, ಅಂದರೆ ಅದು ಪೂರ್ತಿ ಕುಗ್ಗುವಷ್ಟು ಉದ್ದ, 50 ಮಿ.ಮೀ. ಇದ್ದರೆ ರಿಂಗ್ 15 ಮಿ.ಮೀ. ಹತ್ತಿರ ಸರಿದಿರಬೇಕು, ಅಂದರೆ ಶೇ. 30. ಮುಂದಿನ ಫೋರ್ಕಿಗೆ ಶೇ. 20 ಸಾಕು. ಇದನ್ನು ಮಾಡಿಕೊಡದೆ ಸೈಕಲ್ ಕೈಗೆ ಕೊಡುವ ಅಂಗಡಿಯಾದರೆ ಬೇರೆ ಅಂಗಡಿ ನೋಡಿ. ಪಂಕ್ಚರ್ ಅಂಗಡಿಯ ಕಂಪ್ರೆಸರ್‌ನಿಂದ ಶಾಕಿಗೆ ಗಾಳಿ ಹಾಕಿಸಬೇಡಿ ಮಾರಾಯ್ರೇ. ಅದಕ್ಕೆ 200 ಪಿಎಸ್‌ಐ ದಾಟಿದ ಒತ್ತಡವೂ ಬೇಕಾಗಬಹುದು, ಜಾಗ ಮಾತ್ರ ಅಂಗೈಯಷ್ಟೂ ಇಲ್ಲ. ಶಾಕ್ ಪಂಪೇ ಬೇಕು.

ಈಗ ನನಗೆ ಎಲ್ಲಕ್ಕಿಂತ ಮುಖ್ಯ ಅನಿಸುವ ಮಾತು. ಫುಲ್ ಸಸ್ಪೆನ್ಷನ್ ಅಂದರೆ ಹಿಂದೆ ನಾಲ್ಕೈದು ಕೀಲು, ಪ್ರತಿ ಕೀಲಿನಲ್ಲೂ ಬೇರಿಂಗ್. ನಮ್ಮ ಕರಾವಳಿಯಲ್ಲಿ ವರ್ಷಕ್ಕೆ 3,500 ಮಿ.ಮೀ. ದಾಟಿ ಮಳೆ ಸುರಿಯುತ್ತದೆ, ಉಳಿದ ತಿಂಗಳು ಉಪ್ಪು ಗಾಳಿ. ಒಣ ಊರಿನಲ್ಲಿ ವರ್ಷಗಟ್ಟಲೆ ಬಾಳುವ ಬೇರಿಂಗ್ ಇಲ್ಲಿ ಎರಡು ಮಳೆಗಾಲ ತಡೆದರೆ ಪುಣ್ಯ. ಸಸ್ಪೆನ್ಷನ್ ಮಾಡುವ ಕಂಪನಿ ರಾಕ್‌ಶಾಕ್ಸ್‌ನವರು ಫೋರ್ಕಿನ ಕೆಳಭಾಗವನ್ನು, ಶಾಕ್‌ನ ಗಾಳಿ ತುಂಬುವ ಏರ್ ಕ್ಯಾನನ್ನು 50 ಗಂಟೆ ಓಡಿಸಿದ ಮೇಲೆ ಬಿಚ್ಚಿ ಎಣ್ಣೆ ಹಾಕಿ ಅನ್ನುತ್ತಾರೆ. ವಾರಕ್ಕೆ ನಾಲ್ಕು ಗಂಟೆ ಹೋಗುವವರಿಗೆ ಅದು ಮೂರು ತಿಂಗಳ ಮಾತು. ಹಾಗಾಗಿ ಡಿಸ್ಕೌಂಟ್ ಕೇಳುವ ಮೊದಲು ಇದನ್ನು ಕೇಳಿ: ಶಾಕ್ ನೀವೇ ಬಿಚ್ಚುತ್ತೀರಾ, ಬೆಂಗಳೂರಿಗೆ ಪಾರ್ಸೆಲ್ ಹಾಕುತ್ತೀರಾ? ಸೀಲ್ ಕಿಟ್, ಬೇರಿಂಗ್ ಎಷ್ಟು ದಿನದಲ್ಲಿ ಬರುತ್ತದೆ? ಉತ್ತರ ತಡವರಿಸಿದರೆ ಹತ್ತು ಸಾವಿರ ಜಾಸ್ತಿ ಕೊಟ್ಟಾದರೂ ಸರಿ, ಸರಿಯಾಗಿ ಉತ್ತರ ಹೇಳುವವರ ಹತ್ತಿರ ತೆಗೆದುಕೊಳ್ಳಿ. ಮನೆಯಲ್ಲಿ ತೊಳೆಯುವಾಗ ಬಕೆಟ್ ನೀರು, ಬ್ರಷ್ ಸಾಕು. ಕಾರು ತೊಳೆಯುವಲ್ಲಿ ಪ್ರೆಷರ್ ಹೊಡೆಸಿದರೆ ಬೇರಿಂಗಿನ ಗ್ರೀಸ್ ಹೋಗಿ ಒಳಗೆ ನೀರು ಕೂರುತ್ತದೆ.

ಮತ್ತೆ, ಹಿಂದೆ ಶಾಕ್ ಬಂತು ಅಂತ ಆಟಿಯ ಮಳೆಗೆ ಪಾಚಿ ಹಿಡಿದ ಪಾದೆಯ ಮೇಲೆ ಧೈರ್ಯ ಮಾಡಬೇಡಿ. ಕಲ್ಲು ಕೊರಕಲಿನಲ್ಲಿ ಚಕ್ರ ನೆಲ ಬಿಡದ ಹಾಗೆ ಶಾಕ್ ನೋಡಿಕೊಳ್ಳುತ್ತದೆ, ಪಾಚಿಗೆ ಅದರ ಹತ್ತಿರ ಮದ್ದಿಲ್ಲ. ಹಳೆ ಕಲ್ಲು ಕೋರೆಗಳ ಅಂಚಿನಲ್ಲಂತೂ ಇಳಿದು ತಳ್ಳಿಕೊಂಡೇ ಹೋಗಿ.

ಪ್ರಶ್ನೆ: ಮಗನಿಗೆ 15 ವರ್ಷ. ಹದಿನೈದು ಸಾವಿರದ ಡಬಲ್ ಸಸ್ಪೆನ್ಷನ್ ಸೈಕಲ್ ಬೇಕು ಅಂತ ಹಟ. ಲಕ್ಷದ್ದಕ್ಕೂ ಇದಕ್ಕೂ ಏನು ವ್ಯತ್ಯಾಸ, ಎರಡರಲ್ಲೂ ಸ್ಪ್ರಿಂಗ್ ಉಂಟಲ್ಲ?
- ಒಬ್ಬ ತಾಯಿ, ಬಿಜೈ

ಉತ್ತರ: ಸ್ಪ್ರಿಂಗ್ ಉಂಟು, ಅದನ್ನು ಹಿಡಿದು ನಿಲ್ಲಿಸುವ ಡ್ಯಾಂಪರ್ ಇಲ್ಲ. ಕುಗ್ಗಿದ ಸ್ಪ್ರಿಂಗ್ ನಿಧಾನಕ್ಕೆ ಮೇಲೆ ಬರುವುದು ಒಳಗಿನ ಎಣ್ಣೆ ಮತ್ತು ವಾಲ್ವ್‌ನಿಂದ. ಅದಿಲ್ಲದಿದ್ದರೆ ಗುಂಡಿಯ ಮೇಲೆ ಸೈಕಲ್ ಎತ್ತಿ ಎಸೆಯುತ್ತದೆ, ಏರಿನಲ್ಲಿ ಸೋಫಾದ ಮೇಲೆ ಕುಳಿತು ಪೆಡಲ್ ತುಳಿದ ಹಾಗಾಗುತ್ತದೆ. ಭಾರವೂ ಜಾಸ್ತಿ. ಬಿಜೈಯಿಂದ ಕದ್ರಿ ಗುಡ್ಡೆ ಹತ್ತುವಾಗ ಮಗನಿಗೇ ಗೊತ್ತಾಗುತ್ತದೆ. ಅದೇ ದುಡ್ಡಿಗೆ ಡಿಸ್ಕ್ ಬ್ರೇಕ್ ಇರುವ, ಹಿಂದೆ ಸ್ಪ್ರಿಂಗ್ ಇಲ್ಲದ ಹಗುರದ ಸೈಕಲ್ ಕೊಡಿಸಿ. ಎರಡನ್ನೂ ಒಮ್ಮೆ ಎತ್ತಿ ನೋಡಲು ಹೇಳಿ, ಹಟ ಅರ್ಧ ಇಳಿಯುತ್ತದೆ.

ಪ್ರಶ್ನೆ: ಗೆಳೆಯನೊಬ್ಬ 2012ರ ಫುಲ್ ಸಸ್ಪೆನ್ಷನ್ ಸೈಕಲ್ 60 ಸಾವಿರಕ್ಕೆ ಕೊಡ್ತೇನೆ ಅಂತಾನೆ. 26 ಇಂಚಿನ ಚಕ್ರ. ತೆಗೆದುಕೊಳ್ಳಬಹುದಾ?
- ಓದುಗ, ಸುರತ್ಕಲ್

ಉತ್ತರ: ಆ ಬೆಲೆಗೆ ಬೇಡ. ಹೊಸ ಸೈಕಲ್‌ಗಳು ಈಗ 29 ಅಥವಾ 27.5 ಇಂಚಿನವು. 26ಕ್ಕೆ ಒಳ್ಳೆಯ ಟಯರ್, ಫೋರ್ಕ್ ಹುಡುಕುವುದೇ ಒಂದು ಕೆಲಸ. ಶಾಕ್‌ನ ಅಳತೆಯೂ 2016ರ ನಂತರ ಬದಲಾಗಿದೆ. ಗೆಳೆಯನ ಮೇಲಿನ ಪ್ರೀತಿಗೆ ನೋಡುವುದಾದರೆ, ಸೀಟು ಹಿಡಿದು ಮೆಲ್ಲ ಎತ್ತಿ ಬಿಡಿ. ಚಕ್ರ ನೆಲ ಬಿಡುವ ಮೊದಲೇ ಟಕ್ ಅಂತ ಸಡಿಲ ಕೈಗೆ ಸಿಕ್ಕಿದರೆ ಬೇರಿಂಗೋ ಬುಶ್ಶೋ ಸವೆದಿದೆ. ಫೋರ್ಕಿನ ಹೊಳೆಯುವ ಕೊಳವೆಯ ಮೇಲೆ ಉಗುರು ಎಳೆಯಿರಿ, ಗೀರಿಗೆ ಉಗುರು ಸಿಕ್ಕಿದರೆ ಅಲ್ಲಿಗೆ ಬಿಡಿ. ವೆಲ್ಡಿಂಗ್ ಹತ್ತಿರ ಪೇಂಟ್ ಬಿರುಕು ಬಿಟ್ಟಿದ್ದರೆ ಪುಕ್ಕಟೆ ಕೊಟ್ಟರೂ ಬೇಡ. ಪಣಂಬೂರು ಬೀಚಿನ ಮರಳಲ್ಲಿ ಓಡಿಸಿದ್ದಾನಾ ಅಂತಲೂ ಕೇಳಿ.

ಪ್ರಶ್ನೆ: ಹೊಸ ಫುಲ್ ಸಸ್ಪೆನ್ಷನ್ ತೆಗೆದುಕೊಂಡು ಕುದುರೆಮುಖದ ಕಾಡುದಾರಿಗೆ ಹೋಗಬಹುದಾ?
- ಕಾರ್ಕಳದ ಓದುಗ

ಉತ್ತರ: ಅದು ರಾಷ್ಟ್ರೀಯ ಉದ್ಯಾನ. 1972ರ ವನ್ಯಜೀವಿ ಕಾಯ್ದೆ ಪ್ರಕಾರ ಅನುಮತಿ ಇಲ್ಲದೆ ಒಳಗೆ ಹೋಗುವ ಹಾಗಿಲ್ಲ, ಸೈಕಲ್ ಆದರೂ ಅಷ್ಟೇ. ಮೊದಲು ಅರಣ್ಯ ಇಲಾಖೆಯಲ್ಲಿ ಕೇಳಿ. ಘಟ್ಟ ಹತ್ತಲೇಬೇಕು ಅಂತಿದ್ದರೆ ಆಗುಂಬೆಯ ರಸ್ತೆ ಇದೆ, 14 ತಿರುವು. ರಸ್ತೆಗೆ ಈ ಸೈಕಲ್ ಬೇಕಾಗಿಲ್ಲ, ಆದರೂ ಒಯ್ಯುವುದಾದರೆ ಶಾಕ್ ಕುಗ್ಗದ ಹಾಗೆ ಲಾಕ್ ಮಾಡಿಕೊಂಡು ಹತ್ತಿ. ಇಳಿಯುವಾಗ ಬ್ರೇಕ್ ಒಂದೇ ಸಮನೆ ಒತ್ತಿ ಹಿಡಿಯಬೇಡಿ, ತಿರುವಿನ ಮೊದಲು ಗಟ್ಟಿ ಹಿಡಿದು ವೇಗ ಇಳಿಸಿ ಬಿಟ್ಟುಬಿಡಿ, ಇಲ್ಲದಿದ್ದರೆ ಕೆಳಗೆ ಸೋಮೇಶ್ವರ ತಲುಪುವಷ್ಟರಲ್ಲಿ ಡಿಸ್ಕ್ ಕೆಂಡವಾಗಿರುತ್ತದೆ.