ಸಣ್ಣ ಬ್ರ್ಯಾಂಡ್‌ನ ಮಿಲಿಟರಿ ವಾಚ್: ಮೊದಲು ಒಳಗಿನ ಮಷೀನ್ ಯಾವುದೆಂದು ಕೇಳಿ

ಪ್ರಶ್ನೆ: ಸೈನಿಕರು ಕಟ್ಟುತ್ತಿದ್ದಂಥ ಕಪ್ಪು ಡಯಲ್‌ನ, ದಪ್ಪ ಅಂಕಿಗಳ ಮೆಕ್ಯಾನಿಕಲ್ ವಾಚ್ ಮೇಲೆ ನನಗೆ ತುಂಬಾ ದಿನದಿಂದ ಆಸೆ. ದೊಡ್ಡ ಕಂಪನಿಗಳ ವಾಚ್‌ಗಿಂತ ಸಣ್ಣ ಸ್ವತಂತ್ರ ಬ್ರ್ಯಾಂಡ್‌ಗಳದ್ದೇ ಇಷ್ಟವಾಗುತ್ತಿವೆ. ಆದರೆ ಎಲ್ಲರೂ ‘ಮಿಲಿಟರಿ ದರ್ಜೆ’ ಎನ್ನುತ್ತಾರೆ. ಈ ಮಾತನ್ನು ಎಷ್ಟು ನಂಬಬಹುದು? ಸಣ್ಣ ಕಂಪನಿ ನಾಳೆ ಮುಚ್ಚಿಹೋದರೆ ಏನು ಗತಿ?

ಉತ್ತರ: ನಿಮ್ಮ ಕೊನೆಯ ಪ್ರಶ್ನೆಯೇ ಎಲ್ಲಕ್ಕಿಂತ ಮುಖ್ಯ. ಅದಕ್ಕೆ ಬರುತ್ತೇನೆ. ಮೊದಲು ‘ಮಿಲಿಟರಿ ದರ್ಜೆ’ ವಿಷಯ ಮುಗಿಸೋಣ.

ಆ ಹೆಸರಿನ ದರ್ಜೆ ಎಲ್ಲೂ ಇಲ್ಲ. ಸೈನ್ಯಗಳು ತಮಗೆ ಏನು ಬೇಕೆಂದು ಪಟ್ಟಿ ಬರೆದು ತಯಾರಕರಿಗೆ ಕೊಡುತ್ತಿದ್ದವು, ಅಷ್ಟೇ. ಇದರಲ್ಲಿ ಎಲ್ಲರಿಗೂ ಗೊತ್ತಿರುವುದು ಎರಡನೇ ಮಹಾಯುದ್ಧದ ಕೊನೆಗೆ ಬ್ರಿಟಿಷ್ ಸೈನ್ಯ ಬರೆದ ಪಟ್ಟಿ. ಅದರಂತೆ 12 ಕಂಪನಿಗಳು ವಾಚ್ ಮಾಡಿಕೊಟ್ಟವು: ಒಮೆಗಾ, ಲಾಂಜೀನ್, ಐಡಬ್ಲ್ಯುಸಿ, ಸೀಮಾ, ವರ್ಟೆಕ್ಸ್, ಟಿಮೋರ್ ಹೀಗೆ. ಸಂಗ್ರಹಕಾರರು ಇವನ್ನು ‘ಡರ್ಟಿ ಡಜನ್’ ಅಂತ ಕರೆಯುತ್ತಾರೆ. ಆ ಪಟ್ಟಿಯಲ್ಲಿ ಏನಿತ್ತು ನೋಡಿ. ಕಪ್ಪು ಡಯಲ್, ಓದಲು ಸುಲಭವಾದ ಅಂಕಿಗಳು, ಕತ್ತಲಲ್ಲಿ ಹೊಳೆಯುವ ಮುಳ್ಳುಗಳು, ಒಡೆದು ಚೂರಾಗದ ಗಾಜು, ನೀರು ಹೋಗದ ಕೇಸ್, 15 ಕಲ್ಲಿನ (ಚಕ್ರಗಳ ಅಚ್ಚು ಕೂರುವ ಪುಟ್ಟ ಹರಳುಗಳ) ಮಷೀನ್. ನೋಡೋಕೆ ಒರಟಾಗಿ ಕಾಣಬೇಕು ಅಂತ ಯಾರೂ ಬರೆದಿರಲಿಲ್ಲ. ಆ ವಾಚ್‌ಗಳು 35ರಿಂದ 38 ಮಿಲಿಮೀಟರ್ ಅಗಲದವು, ಈಗಿನ ಲೆಕ್ಕದಲ್ಲಿ ಚಿಕ್ಕವು. ಯುದ್ಧ ಮುಗಿದ ಮೇಲೆ ಸೈನ್ಯದ ರಿಪೇರಿಯವರು ಅವನ್ನು ವರ್ಷಗಟ್ಟಲೆ ಬಿಚ್ಚಿ, ತೊಳೆದು, ಎಣ್ಣೆ ಬಿಟ್ಟು, ಡಯಲ್ ಕೆಟ್ಟರೆ ಡಯಲ್, ಮುಳ್ಳು ಕೆಟ್ಟರೆ ಮುಳ್ಳು ಬದಲಿಸಿ ಮತ್ತೆ ಮತ್ತೆ ಬಳಕೆಗೆ ಕೊಟ್ಟರು.

ನನ್ನ ಅಭಿಪ್ರಾಯ ಇಲ್ಲಿಂದಲೇ ಶುರುವಾಗುತ್ತದೆ. ಒಳ್ಳೆಯ ಸೈನಿಕ ವಾಚ್ ಅಂದರೆ ಒಂದೇ ನೋಟಕ್ಕೆ ಸಮಯ ಓದಲು ಆಗಬೇಕು, ಕೆಟ್ಟರೆ ಯಾರು ಬೇಕಾದರೂ ಬಿಚ್ಚಿ ಸರಿ ಮಾಡಲು ಆಗಬೇಕು. ಉಳಿದದ್ದೆಲ್ಲ ಆಮೇಲೆ.

ಕೆಲವು ಜಾಹೀರಾತುಗಳಲ್ಲಿ ‘ಮಿಲ್-ಸ್ಟ್ಯಾಂಡರ್ಡ್ 810’ ಎಂದು ಬರೆದಿರುತ್ತಾರೆ. ಅದು ಅಮೆರಿಕದ ರಕ್ಷಣಾ ಇಲಾಖೆ ಬರೆದಿಟ್ಟ ಪರೀಕ್ಷೆಗಳ ಕೈಪಿಡಿ. ಬಿಸಿ, ಚಳಿ, ಧೂಳು, ಅದುರುವಿಕೆ, ಪೆಟ್ಟು ಹೀಗೆ ಬೇರೆ ಬೇರೆ ಪರೀಕ್ಷೆಗಳು ಅದರಲ್ಲಿವೆ. ಅವುಗಳಲ್ಲಿ ಯಾವುದನ್ನು ಮಾಡಬೇಕೆಂದು ತಯಾರಕರೇ ಆರಿಸಿಕೊಳ್ಳಬಹುದು, ಪಾಸಾಯಿತು ಅಂತ ಮುದ್ರೆ ಒತ್ತುವ ಸಂಸ್ಥೆ ಯಾವುದೂ ಇಲ್ಲ. ಹಾಗಾಗಿ ಯಾರಾದರೂ 810 ಅಂದರೆ, ಅದರಲ್ಲಿ ಯಾವ ಪರೀಕ್ಷೆ ಮಾಡಿದಿರಿ ಅಂತ ಮಿಂಚಂಚೆ ಬರೆದು ಕೇಳಿ. ಕೆಲಸ ಮಾಡಿದವರು ನೇರವಾಗಿ ಉತ್ತರ ಕೊಡುತ್ತಾರೆ.

ನಿಜವಾಗಿ ಸೈನ್ಯಕ್ಕೆ ವಾಚ್ ಕೊಟ್ಟ ಸಣ್ಣ ಕಂಪನಿಗಳೂ ಇವೆ. ಸಿಡಬ್ಲ್ಯುಸಿ (ಕ್ಯಾಬಟ್ ವಾಚ್ ಕಂಪನಿ) 1972ರಲ್ಲಿ ಬ್ರಿಟನ್ನಿನಲ್ಲಿ ಶುರುವಾಯಿತು, ಅಲ್ಲಿನ ಸೈನ್ಯಕ್ಕೇ ಮಾಡಿಕೊಟ್ಟಿತು. ಕೆನಡಾದ ಮ್ಯಾರಥಾನ್ ಕೂಡ ಸೈನ್ಯಗಳಿಗೆ ವಾಚ್ ಕೊಟ್ಟಿದೆ. ವರ್ಟೆಕ್ಸ್ ಹೆಸರನ್ನು ಸ್ಥಾಪಕರ ಮರಿಮಗ 2016ರ ಸುಮಾರಿಗೆ ಮತ್ತೆ ಎಬ್ಬಿಸಿದ್ದಾರೆ. ಜರ್ಮನಿಯ ಜಿನ್ ಕಂಪನಿಯನ್ನು 1961ರಲ್ಲಿ ಕಟ್ಟಿದ ಹೆಲ್ಮುಟ್ ಜಿನ್ ಸ್ವತಃ ಪೈಲಟ್. ಇವರೆಲ್ಲರಿಗೂ ಹೇಳಿಕೊಳ್ಳಲು ಕತೆ ಇದೆ, ಆ ಕತೆಗೆ ಬೆಲೆಯೂ ಇದೆ. ಆದರೆ ಅಂಥ ಕತೆ ಇಲ್ಲ ಅನ್ನೋ ಕಾರಣಕ್ಕೆ ನಿನ್ನೆ ಮೊನ್ನೆ ಹುಟ್ಟಿದ ಬ್ರ್ಯಾಂಡನ್ನು ತಳ್ಳಿಹಾಕಬೇಡಿ. ಪ್ಯಾರಿಸ್‌ನ ಸೆರಿಕಾ ತೀರಾ ಹೊಸಬರು, ಆದರೂ ಹಳೆಯ ಸೈನಿಕ ವಾಚ್‌ಗಳನ್ನು ಎಷ್ಟು ಪ್ರೀತಿಯಿಂದ ನೋಡಿದ್ದಾರೆ ಅನ್ನೋದು ಅವರ ಡಯಲ್ ನೋಡಿದರೇ ಗೊತ್ತಾಗುತ್ತದೆ.

ಈಗ ಕಂಪನಿ ಮುಚ್ಚಿದರೆ ಅನ್ನೋ ಪ್ರಶ್ನೆ. ಸಣ್ಣ ಬ್ರ್ಯಾಂಡ್‌ಗಳಲ್ಲಿ ಹೆಚ್ಚಿನವು ಮಷೀನನ್ನು ತಾವೇ ಮಾಡುವುದಿಲ್ಲ. ಸೀಕೋದ ಎನ್‌ಎಚ್35, ಮಿಯೋಟಾದ 9000 ಸಾಲಿನವು, ಸ್ವಿಟ್ಜರ್ಲೆಂಡಿನ ಸೆಲ್ಲಿಟಾ ಎಸ್‌ಡಬ್ಲ್ಯು200, ಇಂಥವುಗಳಲ್ಲಿ ಒಂದನ್ನು ಕೊಂಡು ಕೂರಿಸುತ್ತಾರೆ. ‘ಬೇರೆಯವರ ಮಷೀನ್ ಹಾಕಿ ಮಾರುತ್ತಾರೆ’ ಅಂತ ಮೂಗು ಮುರಿಯುವವರನ್ನು ತುಂಬಾ ನೋಡಿದ್ದೇನೆ. ನನಗಂತೂ ಇದೇ ಆ ವಾಚ್‌ಗಳ ದೊಡ್ಡ ಬಲ. ಸೆಲ್ಲಿಟಾ ಎಸ್‌ಡಬ್ಲ್ಯು200 ಹಳೆಯ ಈಟಿಎ 2824ರ ವಿನ್ಯಾಸದಿಂದಲೇ ಬಂದದ್ದು, ಅದನ್ನು ಬಿಚ್ಚಿ ಜೋಡಿಸಿದ ಕೈಗಳು ಜಗತ್ತಿನಲ್ಲಿ ಎಲ್ಲೆಲ್ಲೂ ಇವೆ. ಎನ್‌ಎಚ್35 ಕೆಟ್ಟರೆ ರಿಪೇರಿಗಿಂತ ಹೊಸ ಮಷೀನನ್ನೇ ಹಾಕಿಬಿಡುವುದು ಎಷ್ಟೋ ಸಲ ಕಡಿಮೆ ಖರ್ಚಿನ ಕೆಲಸ. ಬ್ರ್ಯಾಂಡ್ ಮುಚ್ಚಿದರೂ ನಿಮ್ಮ ವಾಚಿನ ಹೃದಯ ಎಲ್ಲಾದರೂ ಸಿಗುತ್ತದೆ.

ತೊಂದರೆ ಬರುವುದು ಬೇರೆ ಕಡೆಯಿಂದ. ನನ್ನ ಹತ್ತಿರ ಒಂದು ಸಣ್ಣ ಬ್ರ್ಯಾಂಡ್‌ನ ಫೀಲ್ಡ್ ವಾಚ್ (ಇಂಥ ಸೈನಿಕ ಮಾದರಿಯ ವಾಚಿಗೆ ಹಾಗನ್ನುತ್ತಾರೆ) ಇತ್ತು. ಕಂಪನಿ ನಾಲ್ಕೇ ವರ್ಷದಲ್ಲಿ ನಿಂತುಹೋಯಿತು. ಮಷೀನ್ ಸರಾಗವಾಗಿ ನಡೆಯುತ್ತಿತ್ತು, ಆದರೆ ಗಾಜಿನ ಅಂಚು ಒಡೆಯಿತು. ಅದು ಆ ಒಂದೇ ಮಾಡೆಲ್‌ಗೆಂದು ಕತ್ತರಿಸಿದ ಉಬ್ಬು ಗಾಜು, ಸಿದ್ಧ ಅಳತೆಗಳಲ್ಲಿ ಯಾವುದೂ ಕೂರಲಿಲ್ಲ. ಹೊಂದುವ ಗಾಜು ಮಾಡಿಸಲು ತಿಂಗಳುಗಟ್ಟಲೆ ಅಲೆದೆ. ಅಂದಿನಿಂದ ಕೊಳ್ಳುವ ಮುಂಚೆ ಮೂರು ವಿಷಯ ಕೇಳುತ್ತೇನೆ: ಮಷೀನ್ ಯಾವುದು, ಗಾಜಿನ ಅಳತೆ ಎಷ್ಟು, ಕ್ರೌನ್ (ಪಕ್ಕದಲ್ಲಿ ಕೀ ಕೊಡುವ ತಿರುಗಣೆ) ಮತ್ತದರ ಕೊಳವೆ ಬಿಡಿಯಾಗಿ ಕೊಡುತ್ತೀರಾ. ಸಣ್ಣ ಬ್ರ್ಯಾಂಡ್‌ನ ಒಂದು ಸುಖ ಏನೆಂದರೆ, ಇಂಥ ಪ್ರಶ್ನೆಗೆ ಎಷ್ಟೋ ಸಲ ವಾಚ್ ರೂಪಿಸಿದವರೇ ಕೂತು ಉತ್ತರ ಬರೆಯುತ್ತಾರೆ. ಉತ್ತರ ಬಾರದಿದ್ದರೆ ಕೊಳ್ಳಬೇಡಿ.

ಹಾಗಾದರೆ ದುಡ್ಡು ಯಾವುದಕ್ಕೆ ಕೊಡುತ್ತೀರಿ? ಕೇಸ್, ಡಯಲ್, ಮುಳ್ಳು, ನೀರು ತಡೆಯುವ ರಬ್ಬರ್ ರಿಂಗ್, ಜೋಡಿಸಿದ ಕೈಗಳ ಶಿಸ್ತು. ನಿಮಿಷದ ಮುಳ್ಳು ಹೊರಗಿನ ಗೆರೆಗಳವರೆಗೆ ಮುಟ್ಟುತ್ತದಾ ನೋಡಿ. ಗಿಡ್ಡ ಮುಳ್ಳು ಹಾಕಿದ ಫೀಲ್ಡ್ ವಾಚ್ ನೋಡಿದರೆ ನನಗೆ ನಿಜವಾಗಿ ಬೇಜಾರಾಗುತ್ತದೆ, ಏಕೆಂದರೆ ಇಡೀ ವಾಚಿನ ಕೆಲಸವೇ ಅದು. ಹಾಗೇ ತಾರೀಖಿನ ಕಿಟಕಿಗಾಗಿ 3 ಅನ್ನೋ ಅಂಕಿಯನ್ನು ಅರ್ಧ ಕತ್ತರಿಸುವುದು. ಹೊಸ ಡಯಲ್‌ಗೆ ಹಳೆಯದರ ಹಾಗೆ ಕಾಣಲಿ ಅಂತ ಕಂದು ಬಣ್ಣದ ಹೊಳಪು ಹಚ್ಚುವುದೂ ನನಗೆ ಇಷ್ಟವಿಲ್ಲ, ಬಿಳಿಯಷ್ಟು ಚೆನ್ನಾಗಿ ಅದು ಕಪ್ಪಿನ ಮೇಲೆ ಎದ್ದು ಕಾಣುವುದಿಲ್ಲ. ಇದು ರುಚಿಯ ಮಾತು, ನಿಮಗೆ ಇಷ್ಟವಾದರೆ ತೊಗೊಳ್ಳಿ.

ಪ್ರಶ್ನೆ: ನಾನು ದಿನಾ ಬೈಕ್ ಓಡಿಸುತ್ತೇನೆ, ಮನೆಯಲ್ಲಿ ಮರಗೆಲಸವೂ ಮಾಡುತ್ತೇನೆ. ‘ಶಾಕ್‌ಪ್ರೂಫ್’ ಎಂದಿರುವ ಮೆಕ್ಯಾನಿಕಲ್ ಫೀಲ್ಡ್ ವಾಚ್ ಇದನ್ನೆಲ್ಲ ತಡೆಯುತ್ತದೆಯೇ?

ಉತ್ತರ: ಬೈಕ್ ಪರವಾಗಿಲ್ಲ. ಡ್ರಿಲ್ ಮತ್ತು ಸುತ್ತಿಗೆಗೆ ಬಿಚ್ಚಿಡಿ.

ಕಾರಣ ಹೇಳುತ್ತೇನೆ. ಮೆಕ್ಯಾನಿಕಲ್ ವಾಚ್‌ನಲ್ಲಿ ಅತ್ಯಂತ ಸೂಕ್ಷ್ಮವಾದದ್ದು ಬ್ಯಾಲೆನ್ಸ್ ಚಕ್ರದ, ಅಂದರೆ ಆಚೀಚೆ ತೂಗಿ ಸಮಯದ ಲಯ ಹಿಡಿಯುವ ಚಕ್ರದ ಅಚ್ಚು. ಅದರ ತುದಿ ಕೂದಲೆಳೆಯಷ್ಟು ಸಪೂರ, ಇಡೀ ಚಕ್ರದ ಭಾರ ಅದರ ಮೇಲಿದೆ. ಹಿಂದೆ ವಾಚ್ ಕೈತಪ್ಪಿ ಬಿದ್ದರೆ ಈ ತುದಿಯೇ ಮುರಿಯುತ್ತಿತ್ತು. 1930ರ ದಶಕದಲ್ಲಿ ಇನ್ಕಾಬ್ಲಾಕ್ ಎಂಬ ಏರ್ಪಾಡು ಬಂತು. ಅಚ್ಚು ಕೂರುವ ಕಲ್ಲನ್ನು ಪುಟ್ಟ ಸ್ಪ್ರಿಂಗ್ ಹಿಡಿದಿರುತ್ತದೆ. ಪೆಟ್ಟು ಬಿದ್ದಾಗ ಕಲ್ಲು ಸ್ವಲ್ಪ ಸರಿದು ಮತ್ತೆ ತನ್ನ ಜಾಗಕ್ಕೆ ಬರುತ್ತದೆ. ಸೀಕೋದ ಡಯಾಶಾಕ್, ಸಿಟಿಜನ್‌ನ ಪ್ಯಾರಾಶಾಕ್ ಮಾಡುವುದೂ ಇದೇ ಕೆಲಸ. ಹಾಗಾಗಿ ಈಗ ಯಾವ ಸಾಮಾನ್ಯ ಮಷೀನ್ ತೊಗೊಂಡರೂ ಈ ರಕ್ಷಣೆ ಇದ್ದೇ ಇರುತ್ತದೆ, ಅದಕ್ಕೆ ಸೈನಿಕ ವಾಚೇ ಬೇಕು ಅಂತೇನಿಲ್ಲ.

ಪೆಟ್ಟು ತಡೆಯುವ ವಾಚ್‌ಗಳಿಗೆಂದು ಇರುವ ಐಎಸ್ಒ 1413 ಎಂಬ ಅಂತರರಾಷ್ಟ್ರೀಯ ಮಾನದಂಡ ಕೇಳುವುದು ಒಂದು ಮೀಟರ್ ಎತ್ತರದಿಂದ ಗಟ್ಟಿ ಮರದ ಹಲಗೆ ಮೇಲೆ ಬಿದ್ದಷ್ಟು ಪೆಟ್ಟು ತಡೆಯುವುದನ್ನು. ಅಂಥ ಒಂದೆರಡು ಪೆಟ್ಟು ಬೇರೆ, ಡ್ರಿಲ್‌ನಂತೆ ನಿಮಿಷಗಟ್ಟಲೆ ಬಿಡದೆ ಅದುರುವುದು ಬೇರೆ. ಅದರಲ್ಲಿ ತಿರುಪುಗಳು ಸಡಿಲವಾಗುತ್ತವೆ. ಆಟೊಮ್ಯಾಟಿಕ್ (ಕೈ ಅಲ್ಲಾಡಿದಂತೆ ತಾನೇ ಕೀ ತುಂಬಿಕೊಳ್ಳುವ ವಾಚ್) ಆದರೆ ಒಳಗೆ ತಿರುಗುವ ಭಾರದ ರೋಟರ್‌ಗೂ ಏಟು. ನಿಮ್ಮಂಥವರಿಗೆ ನಾನು ಹೇಳುವುದು ಕೀ ಕೊಡುವ ವಾಚ್. ರೋಟರ್ ಇಲ್ಲ, ಭಾಗಗಳು ಕಡಿಮೆ, ತೆಳ್ಳಗಿರುತ್ತದೆ, ಬಾಗಿಲ ಚೌಕಟ್ಟಿಗೆ ತಗುಲುವುದೂ ಕಡಿಮೆ. ದೊಡ್ಡ ಕೇಸ್ ಇದ್ದರೆ ಗಟ್ಟಿ ಅನ್ನೋದು ತಪ್ಪು ಕಲ್ಪನೆ. ಜರ್ಮನ್ ವಾಯುಪಡೆಯ 55 ಮಿಲಿಮೀಟರಿನ ನ್ಯಾವಿಗೇಟರ್ ವಾಚ್ ಅಷ್ಟು ದೊಡ್ಡದಿದ್ದದ್ದು ದಪ್ಪ ಜಾಕೆಟ್ ತೋಳಿನ ಮೇಲೆ ಕಟ್ಟಿ, ಮಬ್ಬು ಬೆಳಕಿನಲ್ಲಿ ಓದುವುದಕ್ಕೆ.

ಒಂದು ಮಾತು ಮುಚ್ಚಿಡದೆ ಹೇಳಬೇಕು. ಪೆಟ್ಟು ತಡೆಯುವುದೊಂದೇ ನಿಮಗೆ ಮುಖ್ಯವಾದರೆ ಪ್ಲಾಸ್ಟಿಕ್ ಕೇಸಿನ, ಬ್ಯಾಟರಿಯಲ್ಲಿ ನಡೆಯುವ ಕ್ವಾರ್ಟ್ಜ್ ವಾಚ್ ಯಾವ ಮೆಕ್ಯಾನಿಕಲ್‌ಗಿಂತಲೂ ಮೇಲು. ಸೈನ್ಯಗಳಿಗೂ ದುಬಾರಿ ಮಷೀನ್ ಮೇಲೆ ವ್ಯಾಮೋಹ ಇರಲಿಲ್ಲ. ಅಮೆರಿಕ 1964ರಲ್ಲೇ ಕಡಿಮೆ ಬೆಲೆಯ, ಕೆಟ್ಟರೆ ಎಸೆದುಬಿಡುವ ವಾಚಿಗೆ ಪಟ್ಟಿ ಬರೆಯಿತು. ಸಿಡಬ್ಲ್ಯುಸಿ 1980ರ ಹೊತ್ತಿಗೆ ಬ್ರಿಟಿಷ್ ಸೈನ್ಯಕ್ಕೆ ಕ್ವಾರ್ಟ್ಜ್ ಕೊಡುತ್ತಿತ್ತು. ನಾವು ಮೆಕ್ಯಾನಿಕಲ್ ಕಟ್ಟುವುದು ಅದರ ಟಿಕ್ ಟಿಕ್ ಇಷ್ಟ ಅಂತ, ಬೆಳಿಗ್ಗೆ ಎದ್ದು ಕೀ ಕೊಡುವ ಆ ಅರ್ಧ ನಿಮಿಷ ಇಷ್ಟ ಅಂತ. ನನಗೆ ಅಷ್ಟು ಕಾರಣ ಸಾಕು.

ಇನ್ನು ಕೈಗೆ ಕಟ್ಟುವ ಪಟ್ಟಿ (ಸ್ಟ್ರ್ಯಾಪ್). ಮೆಕ್ಯಾನಿಕಲ್ ವಾಚ್ ಹಾಳಾಗುವುದು ಎಷ್ಟೋ ಸಲ ಕೈಯಿಂದ ಜಾರಿ ಬಿದ್ದು, ಜಾರುವುದು ಎಷ್ಟೋ ಸಲ ಪಟ್ಟಿ ಹಿಡಿಯುವ ಸ್ಪ್ರಿಂಗ್ ಕಡ್ಡಿ ಬಿಟ್ಟುಕೊಂಡಾಗ. ಬ್ರಿಟಿಷ್ ಸೈನ್ಯ 1973ರಲ್ಲಿ ಗೊತ್ತುಮಾಡಿದ ನೈಲಾನ್ ಪಟ್ಟಿ, ಈಗ ಎಲ್ಲರೂ ‘ನೇಟೊ ಸ್ಟ್ರ್ಯಾಪ್’ ಅನ್ನೋದು, ವಾಚಿನ ಬೆನ್ನ ಹಿಂದೆ ಹಾದುಹೋಗುತ್ತದೆ. ಒಂದು ಕಡ್ಡಿ ಮುರಿದರೂ ವಾಚ್ ಇನ್ನೊಂದಕ್ಕೆ ನೇತುಕೊಂಡಿರುತ್ತದೆ. ಇದಕ್ಕಿಂತ ಕಡಿಮೆ ಖರ್ಚಿನ ವಿಮೆ ಇಲ್ಲ.

ಪ್ರಶ್ನೆ: ಕತ್ತಲಲ್ಲಿ ಹೊಳೆಯೋಕೆ ಟ್ರಿಟಿಯಂ ಕೊಳವೆ ಒಳ್ಳೆಯದೋ, ಬಣ್ಣ ಒಳ್ಳೆಯದೋ? ಟ್ರಿಟಿಯಂ ಅಪಾಯ ಅಲ್ವಾ?

ಉತ್ತರ: ಅಪಾಯದ ಹೆದರಿಕೆ ಬಂದದ್ದು ರೇಡಿಯಂ ಕಾಲದಿಂದ, ಅದು ನಿಜವಾದ ಹೆದರಿಕೆಯೇ. ಯುದ್ಧಕಾಲದ ಹಳೆಯ ವಾಚ್ ಕೊಂಡರೆ ಅದರ ಡಯಲ್ ಮೇಲೆ ರೇಡಿಯಂ ಇರಬಹುದು. ಹೊಳಪು ಸತ್ತಿದ್ದರೂ ವಿಕಿರಣ ಹಾಗೇ ಇರುತ್ತದೆ, ಗಾಜು ಬಿಚ್ಚಿ ಕೆರೆಯಬೇಡಿ. ಟ್ರಿಟಿಯಂ ಕೂಡ ವಿಕಿರಣ ಸೂಸುವ ಅನಿಲವೇ, ಆದರೆ ಅದು ಸೂಸುವ ಕಣಗಳು ತುಂಬಾ ದುರ್ಬಲ, ಮುಚ್ಚಿದ ಗಾಜಿನ ಕೊಳವೆಯನ್ನು ದಾಟಿ ಹೊರಗೆ ಬರುವುದಿಲ್ಲ.

ಬಣ್ಣ ಅಂದರೆ ಈಗ ಸಾಮಾನ್ಯವಾಗಿ ಸೂಪರ್-ಲುಮಿನೋವಾ. ಬೆಳಕು ಕುಡಿದು ಹೊಳೆಯುತ್ತದೆ, ಮೊದಲ ಸ್ವಲ್ಪ ಹೊತ್ತು ಜೋರಾಗಿ, ಬೆಳಗಿನ ಜಾವಕ್ಕೆ ಮಂಕಾಗಿ. ಕೊಳವೆ ಮಂದವಾಗಿಯೇ ಇರುತ್ತದೆ, ಆದರೆ ರಾತ್ರಿಯಿಡೀ ಒಂದೇ ಸಮ. ಟ್ರಿಟಿಯಂ ಸುಮಾರು 12.3 ವರ್ಷಕ್ಕೆ ಅರ್ಧವಾಗುತ್ತದೆ, ಕೊಳವೆಗಳನ್ನು ಬದಲಿಸುವುದು ಎಲ್ಲರ ಕೈಗೆ ಬರುವ ಕೆಲಸ ಅಲ್ಲ. ರಾತ್ರಿ ಪಾಳಿಯವರಿಗೆ, ಕಾಡಿನಲ್ಲಿ ಡೇರೆ ಹಾಕುವವರಿಗೆ ಕೊಳವೆ. ಉಳಿದವರಿಗೆ ಬಣ್ಣವೇ ಸಾಕು.

ಪ್ರಶ್ನೆ: ಪ್ಲಾಸ್ಟಿಕ್ ಗಾಜೋ, ಸಫೈರೋ?

ಉತ್ತರ: ದಿನಾ ಕಟ್ಟುವುದಾದರೆ ಸಫೈರ್, ಸುಲಭಕ್ಕೆ ಗೀರು ಬೀಳುವುದಿಲ್ಲ. ಜೋರು ಪೆಟ್ಟಿಗೆ ಅದು ಚೂರಾಗಬಹುದು, ಅಕ್ರಿಲಿಕ್ ಚೂರಾಗುವುದಿಲ್ಲ. ಅಕ್ರಿಲಿಕ್ ಮೇಲಿನ ಗೀರನ್ನು ಪಾಲಿಶ್ ಹಾಕಿ ಮನೆಯಲ್ಲೇ ಉಜ್ಜಿ ತೆಗೆಯಬಹುದು. ನನ್ನ ಕೈಯಲ್ಲಿರುವುದು ಅಕ್ರಿಲಿಕ್.

ಪ್ರಶ್ನೆ: ಸಣ್ಣ ಬ್ರ್ಯಾಂಡ್‌ನ ಫೀಲ್ಡ್ ವಾಚ್ ಕೊಂಡು ಎರಡು ತಿಂಗಳಾಯಿತು. ಮೊದಲು ಚೆನ್ನಾಗಿತ್ತು, ಈಗ ಇದ್ದಕ್ಕಿದ್ದಂತೆ ದಿನಕ್ಕೆ ಐದಾರು ನಿಮಿಷ ಮುಂದೆ ಓಡುತ್ತಿದೆ. ಮಷೀನ್ ಎನ್‌ಎಚ್35. ಮೋಸ ಹೋದೆನಾ?

ಉತ್ತರ: ಇಲ್ಲ, ಅದಕ್ಕೆ ಬಹುಶಃ ಅಯಸ್ಕಾಂತ ಹಿಡಿದಿದೆ. ಎನ್‌ಎಚ್35ಕ್ಕೆ ತಯಾರಕರು ಹೇಳುವ ಮಿತಿ ದಿನಕ್ಕೆ 20 ಸೆಕೆಂಡ್ ಹಿಂದೆ, 40 ಸೆಕೆಂಡ್ ಮುಂದೆ. ನಿಮಿಷಗಟ್ಟಲೆ ಮುಂದೆ ಓಡಿದರೆ ಒಳಗಿನ ಸುರುಳಿ ಸ್ಪ್ರಿಂಗ್‌ನ ಸುತ್ತುಗಳು ಒಂದಕ್ಕೊಂದು ಅಂಟಿಕೊಂಡಿರಬೇಕು. ಸ್ಪ್ರಿಂಗ್ ಗಿಡ್ಡವಾದ ಹಾಗಾಗಿ ಚಕ್ರ ಬೇಗ ಬೇಗ ಬಡಿಯುತ್ತದೆ. ವಾಚನ್ನು ಸ್ಪೀಕರ್, ಲ್ಯಾಪ್‌ಟಾಪ್, ಅಯಸ್ಕಾಂತದ ಗುಂಡಿಯಿರುವ ಫೋನ್ ಕವರ್ ಇವುಗಳ ಮೇಲೆ ಇಟ್ಟಿದ್ದಿರಾ? ದಿಕ್ಸೂಚಿಯ ಹತ್ತಿರ ಹಿಡಿದು ನೋಡಿ, ಮುಳ್ಳು ಅಲ್ಲಾಡಿದರೆ ಅನುಮಾನ ಗಟ್ಟಿಯಾಗುತ್ತದೆ. ಡಿಮ್ಯಾಗ್ನೆಟೈಸರ್ (ಅಯಸ್ಕಾಂತ ಬಿಡಿಸುವ ಉಪಕರಣ) ಇರುವ ರಿಪೇರಿಯವರ ಹತ್ತಿರ ಒಯ್ಯಿರಿ, ಒಂದು ನಿಮಿಷದ ಕೆಲಸ, ಹಿಂದಿನ ಮುಚ್ಚಳ ತೆಗೆಯುವುದೂ ಬೇಡ. ಆಮೇಲೆ ಒಂದು ವಾರ ಪ್ರತಿದಿನ ಒಂದೇ ಹೊತ್ತಿಗೆ ಫೋನಿನ ಸಮಯದ ಜೊತೆ ಹೋಲಿಸಿ ಬರೆದಿಡಿ. ಆಗಲೂ ಸರಿಹೋಗದಿದ್ದರೆ ಆ ಚೀಟಿಯ ಫೋಟೊ ಸಮೇತ ಬ್ರ್ಯಾಂಡ್‌ನವರಿಗೆ ಬರೆಯಿರಿ, ಇನ್ನೂ ವಾರಂಟಿಯಲ್ಲೇ ಇದೆ.